ಎರಡು ಅಕ್ಷರ, ಒಂದು ಝಟಕಾ ಬೇಲಿ

ನವೆಂಬರ್ 24, ಭಾನುವಾರ

ಕೀತ್ ಹೊಲ ಮಾರಿಬಿಟ್ಟನಂತೆ. ಜನವರಿ ಐದಕ್ಕೆ ಕ್ರೇನು ಬಂದು ಅವನ ಕಂಬ ಇಳಿಸುತ್ತದೆ. ಅಲ್ಲಿಗೆ ನಮ್ಮ ಆಟ ಮುಗಿಯಿತು.

ಪಶ್ಚಿಮ ಆಸ್ಟ್ರೇಲಿಯಾದ ಕಡಲಂಚಿನಲ್ಲಿ ಗೋಧಿ ಬೆಳೆಯುವ ಮನುಷ್ಯ ಅವನು. ಮುಖ ನೋಡಿಲ್ಲ, ದನಿ ಕೇಳಿಲ್ಲ, ಆದರೂ ಹವ್ಯಾಸಿ ರೇಡಿಯೊ ಮಂದಿಯ ಸಲಿಗೆಯಲ್ಲಿ ನಾಲ್ಕು ವರ್ಷದಿಂದ ಮೇಲ್‌ನಲ್ಲೇ ಜಗಳ ಆಡುತ್ತಾ ಬಂದಿದ್ದೇವೆ. ಹೊಲದ ನಡುವಿನ ಆ ಕಂಬದಿಂದ ಅವನು ಬಹಳ ಉದ್ದದ ರೇಡಿಯೊ ಅಲೆ ಬಿಡುತ್ತಾನೆ. ಒಂದೊಂದು ಅಲೆ ಎರಡು ಕಿಲೋಮೀಟರಿಗಿಂತ ಉದ್ದ. ಅದಕ್ಕೆ ತಕ್ಕ ಕಂಬ ನಿಲ್ಲಿಸುವುದು ಯಾರಿಂದಲೂ ಆಗದ ಮಾತು. ಹಾಗಾಗಿ ಸುರಿದ ಶಕ್ತಿಯೆಲ್ಲ ತಾಮ್ರದ ಸುರುಳಿ ಕಾಯಿಸಲು ಹೋಗಿ, ಆಕಾಶಕ್ಕೆ ಸೇರುವುದು ಟಾರ್ಚಿನ ಬಲ್ಬಿಗೆ ಸಾಲುವಷ್ಟು. ಅಷ್ಟೇ ಶಕ್ತಿ ಹಿಂದೂ ಮಹಾಸಾಗರ ದಾಟಿ ಕಲಬುರಗಿಗೆ ಬರಬೇಕು. ನಮ್ಮ ಈ ಭಾಗದಿಂದ ಅದನ್ನು ಹಿಡಿದೆ ಎಂದು ಅವನಿಗೆ ಇನ್ನೂ ಯಾರೂ ಬರೆದಿಲ್ಲ. ನಾನು ಬರೆಯಬೇಕು. ಪಾಲಿಟೆಕ್ನಿಕ್‌ನಲ್ಲಿ ಇಷ್ಟು ವರ್ಷ ಈ ಪಾಠ ಹೇಳಿ, ಹುಡುಗರಿಗೆ ಅಂಕ ಕೊಟ್ಟು, ನಾನೇ ಒಮ್ಮೆಯೂ ಕಣ್ಣಾರೆ ನೋಡದೆ ನಿವೃತ್ತಳಾದರೆ ನನ್ನಂಥ ಸುಳ್ಳಿ ಇನ್ನೊಬ್ಬಳಿಲ್ಲ.

ಕೀತ್‌ನ ಕಟ್ಟಳೆ ಹೀಗೆ. ಪ್ರತಿ ಸಂಜೆ ನಮ್ಮ ಏಳಕ್ಕೆ ಎರಡು ಇಂಗ್ಲಿಷ್ ಅಕ್ಷರ, ಮೋರ್ಸ್ ಸಂಕೇತದಲ್ಲಿ. ಯಾವ ಅಕ್ಷರ ಅಂತ ಹೇಳುವುದಿಲ್ಲ, ದಿನಾ ಬದಲಾಯಿಸುತ್ತಾನೆ. ಗೊತ್ತಿದ್ದದ್ದನ್ನು ಹುಡುಕುತ್ತಾ ಕೂತರೆ ಮೋಡದಲ್ಲೂ ಆನೆ ಕಾಣುತ್ತದೆ ನೋಡಿ, ಅದಕ್ಕೆ. ಸುರುಳಿ ಕಾಯುವುದರಿಂದ ಸಂಜೆಗೆ ಒಂದೇ ಸಲ. ಎರಡೂ ಅಕ್ಷರ ಸರಿ ಇದ್ದರೆ ಮಾತ್ರ ಲೆಕ್ಕ. ಚುಕ್ಕೆಗೆ ಎರಡು ನಿಮಿಷ, ಗೆರೆಗೆ ಆರು ನಿಮಿಷ. ಅಷ್ಟು ನಿಧಾನ ಕಳಿಸಿದರೇ ಅಷ್ಟು ಸಣ್ಣದು ಇಲ್ಲಿ ಸಿಕ್ಕೀತು. ಕಿವಿಗೆ ಏನೂ ಕೇಳುವುದಿಲ್ಲ, ಕಂಪ್ಯೂಟರ್ ಪರದೆಯ ಮೇಲೆ ತೆಳ್ಳಗೆ ಎಳೆಯುತ್ತಾ ಹೋಗುತ್ತದೆ.

ನಮ್ಮ ಲ್ಯಾಬ್ ನೋಡಿಕೊಳ್ಳುವ ಗುಫ್ರಾನ್‌ಗೂ ಇದೇ ಹುಚ್ಚು, ಅವನ ಬಳಿಯೂ ಲೈಸೆನ್ಸ್ ಇದೆ. ಅವನು ನಕ್ಕ. "ಎರಡು ಅಕ್ಷರಕ್ಕ ಮುಕ್ಕಾಲು ತಾಸ ಅಂದ್ರ, ನಮ್ಮ ಮುದುಕಿ ಖಾಲಾ ಶಹಾಬಜಾರದಿಂದ ನಡಕೋತ ಬಂದು ಬಾಯಿಲೇ ಹೇಳಿ ಹೋಗ್ತಾರ್ರೀ ಮೇಡಂರ."

ಡಿಸೆಂಬರ್ 1

ಶರಣಸಿರಸಗಿಯ ಈ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸುವಾಗ ಗಾಳಿ ನೋಡಿದೆ, ನೀರು ನೋಡಿದೆ, ಕರೆಂಟಿನ ಗದ್ದಲ ನೋಡಲಿಲ್ಲ. ಎದುರಿನವರ ಇನ್ವರ್ಟರ್, ಪಕ್ಕದವರ ಸ್ಕೂಟರ್ ಚಾರ್ಜರ್, ಬೀದಿಯ ಎಲ್‌ಇಡಿ ದೀಪ. ಪರದೆ ತುಂಬ ರವೆ ಚೆಲ್ಲಿದ ಹಾಗಿದೆ. ವಾರಪೂರ್ತಿ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡೆ.

"ಕಮಲಾಪುರದಾಗ ನಿಮ್ಮ ಹೊಲ ಅದಲ್ಲರೀ" ಅಂದ ಗುಫ್ರಾನ್.

ಅದೆ. ಪಕ್ಕದಲ್ಲೇ ನಮ್ಮ ಅಣ್ಣನದೂ ಅದೆ.

ಡಿಸೆಂಬರ್ 8, ಭಾನುವಾರ

ಹೋದೆವು. ಹೋಗಬಾರದು ಅಂದುಕೊಂಡವಳು ನಾನೇ, ಕಾರಿಗೆ ತಂತಿಯ ಸುರುಳಿ ತುಂಬಿದವಳೂ ನಾನೇ.

ಅಪ್ಪ ತೀರಿಕೊಂಡ ಮೇಲೆ ಅಣ್ಣ ಖಂಡೆಪ್ಪ ಒಂದು ಕಾಗದ ತಂದಿದ್ದ. ಹೆಣ್ಣುಮಕ್ಕಳು ಸೀರೆ, ಕುಪ್ಪಸ ತಗೊಂಡು ಸಹಿ ಹಾಕಿ ಪಾಲು ಬಿಟ್ಟುಕೊಡುವುದು ನಮ್ಮ ಕಡೆಯ ರೂಢಿ. ನಾನು ಸೀರೆ ತಗೊಂಡೆ, ಸಹಿ ಹಾಕಲಿಲ್ಲ. ಬಾಳೆತೋಟದ ಅಂಚಿನ ಒಂದು ಪಟ್ಟಿ ನನ್ನ ಹೆಸರಿಗಾಯಿತು. ಅಂದಿನಿಂದ ಅಣ್ಣ ನನ್ನ ಜೊತೆ ಮಾತಾಡಿಲ್ಲ. ನಾಗರ ಪಂಚಮಿಗೂ ತವರಿಗೆ ಕರೆಯಲು ಬಂದಿಲ್ಲ. ತಪ್ಪು ಮಾಡಿದೆ ಅಂತ ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ಆದರೆ ಪಂಚಮಿಯ ದಿನ ಓಣಿಯಲ್ಲಿ ಯಾರದಾದರೂ ಅಣ್ಣನ ಗಾಡಿ ಬಂದು ನಿಂತರೆ ನಾನು ಒಳಗೆ ಹೋಗಿ ಮಿಕ್ಸರ್ ಹಚ್ಚುತ್ತೇನೆ.

ಪಟ್ಟಿ ಪಾಳು ಬಿದ್ದಿದೆ. ಹಳೆಯ ಮೋಟಾರ್ ಶೆಡ್ಡಿನಲ್ಲಿ ಟೇಬಲ್ ಹಾಕಿ, ಬದುವಿನುದ್ದಕ್ಕೂ ಬಿದಿರು ನೆಟ್ಟು ತಂತಿ ಎಳೆದೆವು. ಬದುವಿನ ಆಚೆ ಅಣ್ಣನ ಕೆಂಪು ಬಾಳೆ, ಗೊನೆ ತುಂಬಿ ನಿಂತಿದೆ. ಒಂದೂವರೆ ವರ್ಷ ಕಾದರೆ ಒಂದು ಗೊನೆ ಕೊಡುವ ಜಾತಿ ಅದು, ನಮ್ಮ ಅಣ್ಣನ ಹಾಗೆ ಅವಸರವಿಲ್ಲದ್ದು. ಅವನು ದೂರದಲ್ಲಿ ನಿಂತು ನೋಡಿದ, ಎಲೆ ಸರಿಸಿ ಒಳಗೆ ಹೋದ.

ಡಿಸೆಂಬರ್ 14

ರವೆ ಹೋಯಿತು. ಈಗ ಪಟ್ಟೆ. ಪರದೆಯ ಮೇಲಿನಿಂದ ಕೆಳಗಿನವರೆಗೆ, ಸೆಕೆಂಡಿಗೊಂದು, ಹುಲಿಯ ಮೈಮೇಲೆ ಇದ್ದ ಹಾಗೆ. ಏಳರಿಂದ ಎಂಟರವರೆಗೆ ಹುಲಿ ನೋಡಿದ್ದೇ ಬಂತು. ಬಡಿತ ಕತ್ತರಿಸಿ ತೆಗೆಯುವ ಸಾಫ್ಟ್‌ವೇರ್ ಹಾಕಿದೆ; ಇದು ಎಷ್ಟು ಜೋರೆಂದರೆ ಅದನ್ನು ತೆಗೆದರೆ ಏನೂ ಉಳಿಯುವುದೇ ಇಲ್ಲ. ಗುಫ್ರಾನ್‌ನ ಲ್ಯಾಪ್‌ಟಾಪ್ ಚಾರ್ಜರ್ ಮೇಲೆ ಗುಮಾನಿ. ಅವನಿಗೆ ನನ್ನ ಕಾರಿನ ಮೇಲೆ.

ಡಿಸೆಂಬರ್ 21, ಶನಿವಾರ

ಕಳ್ಳ ಸಿಕ್ಕ.

ಸಣ್ಣ ಟ್ರಾನ್ಸಿಸ್ಟರನ್ನು ಯಾವ ಸ್ಟೇಷನ್ನೂ ಇಲ್ಲದ ಕಡೆ ತಿರುಗಿಸಿಟ್ಟು, ಟಕ್ ಟಕ್ ಎಲ್ಲಿ ಜೋರಾಗುತ್ತದೆ ಎಂದು ಕಿವಿಗೆ ಹಿಡಿದುಕೊಂಡು ಬದುವಿನ ಮೇಲೆ ನಡೆದೆ. ಅದು ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗಿದ್ದು ಅಣ್ಣನ ಝಟಕಾ ಮಷಿನ್ ಹತ್ತಿರ. ಕಾಡುಹಂದಿ ಬರದ ಹಾಗೆ ತೋಟದ ಸುತ್ತ ತಂತಿ ಬೇಲಿ ಹಾಕಿದ್ದಾನೆ. ಮೇಲೆ ಸೋಲಾರ್ ಹಲಗೆ, ಕೆಳಗೆ ಬ್ಯಾಟರಿ, ನಡುವಿನ ಡಬ್ಬಿ ಸೆಕೆಂಡಿಗೊಮ್ಮೆ ತಂತಿಗೆ ಕರೆಂಟು ಒದೆಯುತ್ತದೆ. ಹಂದಿ ಸಾಯುವುದಿಲ್ಲ, ಬುದ್ಧಿ ಕಲಿಯುತ್ತದೆ. ಆ ಒದೆತವೇ ನನ್ನ ಪರದೆಯ ಪಟ್ಟೆ. ಎಂಥ ಚೊಕ್ಕ ಉತ್ತರ. ಕುಕ್ಕರಗಾಲಿನಲ್ಲಿ ಕೂತು ಡಬ್ಬಿಗೆ ರೇಡಿಯೊ ಹಚ್ಚಿಟ್ಟು ಒಬ್ಬಳೇ ನಗುತ್ತಿದ್ದೆ.

"ಏನ್ ಕೇಳಾಕತ್ತೀ ವಿದ್ಯಾ, ಅದೇನ್ ಹಾಡ್ತದೇನು?"

ಹಿಂದೆ ಶಿವಕಾಂತಮ್ಮ ವೈನಿ, ಸೊಂಟದ ಮೇಲೆ ಹುಲ್ಲಿನ ಹೊರೆ. ಅಣ್ಣ ಮಾತು ಬಿಟ್ಟರೂ ಅಣ್ಣನ ಹೆಂಡತಿ ಬಿಟ್ಟವಳಲ್ಲ. ಸಂತೆಯಲ್ಲಿ ಸಿಕ್ಕರೆ ಕದ್ದು ಮಾತಾಡಿಸುತ್ತಾಳೆ. ಎದ್ದು ನಿಂತು ಎಲ್ಲ ಹೇಳಿದೆ. ಆಸ್ಟ್ರೇಲಿಯಾ, ಕಂಬ, ಕ್ರೇನು, ಎರಡು ಅಕ್ಷರ. ಸಂಜೆ ಏಳರಿಂದ ಮುಕ್ಕಾಲು ತಾಸು ಬೇಲಿ ಬಂದ್ ಮಾಡಿದರೆ ಸಾಕು ಅಂದೆ.

"ಹೋದ ವರ್ಷ ಒಂದು ರಾತ್ರಿ ಬ್ಯಾಟರಿ ಹೋಗಿತ್ತು. ಮುಂಜಾನಿ ನೋಡಿದ್ರ ಅರ್ಧ ಸಾಲು ಮಲಗಿತ್ತು. ಗಡ್ಡಿ ಅಗದು ತಿಂದಿದ್ವು" ಅಂದಳು ವೈನಿ. "ಅವರು ಮೂರು ದಿನ ಉಂಡಿಲ್ಲ. ನಾ ಹ್ಯಾಂಗ ಕೇಳ್ಲಿ?"

ಡಿಸೆಂಬರ್ 22

ವೈನಿ ಕೇಳಿದಳಂತೆ. ಆಗಲ್ಲ ಅಂದನಂತೆ. ಇಷ್ಟು ಹೇಳಲು ಗಂಡನ ಕಣ್ಣು ತಪ್ಪಿಸಿ ದನದ ಕೊಟ್ಟಿಗೆಯಿಂದ ಫೋನ್ ಮಾಡಿದಳು, ಹಿಂದೆ ಎಮ್ಮೆ ಕೂಗುತ್ತಿತ್ತು.

ಅವನ ಬೇಲಿ, ಅವನ ಬಾಳೆ, ಅವನ ಹಟ. ನನ್ನ ಹತ್ತಿರವೂ ಅಂಥ ಹಟ ಒಂದಿದೆ, ಅದೇ ಅಪ್ಪ ಕೊಟ್ಟಿದ್ದು, ಅದಕ್ಕೆ ಯಾರ ಸಹಿಯೂ ಬೇಕಾಗಲಿಲ್ಲ.

ಡಿಸೆಂಬರ್ 30, ಎಳ್ಳ ಅಮಾವಾಸ್ಯೆ

ಇಡೀ ಊರು ಹೊಲದಲ್ಲಿತ್ತು. ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಜೋಳದ ನಡುವೆ ಕಂಬಳಿ ಹಾಸಿ ಊಟ. ನಾವಿಬ್ಬರು ಶೆಡ್ಡಿನಲ್ಲಿ ಬಿಸ್ಕತ್ತು ತಿನ್ನುತ್ತಿದ್ದೆವು. ನಿಜ ಹೇಳಬೇಕೆಂದರೆ ಹೊಟ್ಟೆ ಉರಿಯುತ್ತಿತ್ತು. ವೈನಿ ಬದು ದಾಟಿ ಬುಟ್ಟಿ ತಂದಿಟ್ಟಳು: ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಹಿಂದೆಯೇ ಅಣ್ಣ ಬಂದ. ಬದುವಿನ ಮೇಲೆ ನಮಗೆ ಬೆನ್ನು ಮಾಡಿ ನಿಂತು, ಮೂರು ಮಾರು ದೂರದಲ್ಲಿದ್ದ ನನ್ನನ್ನು ಬಿಟ್ಟು ಹೆಂಡತಿಗೆ ಹೇಳಿದ.

"ನನ್ನ ಡಬ್ಬಿ ಮುಂದ ಕುಂತು ಯಾಕ ನಗತಿದ್ದಳು ಕೇಳು ಅಕಿಗಿ."

"ವೈನಿ, ಕಳ್ಳ ಸಿಕ್ಕಿದ್ದಕ್ಕ ನಗು ಬಂತು ಅಂತ ಹೇಳ್ರಿ."

"ಸಮುದ್ರದ ಆಚಿಂದು ಈ ಮುರುಕ ತಂತ್ಯಾಗ ಹ್ಯಾಂಗ ಬರ್ತದಂತ ಕೇಳು."

"ನೆಲಕ್ಕೂ ಮುಗಿಲಿಗೂ ನಡುವ ಸಂದ್ಯಾಗ ಹಾದು ಬರ್ತದಂತ ಹೇಳ್ರಿ. ಹೊತ್ತು ಮುಳುಗಿದ ಮ್ಯಾಲ ಚೊಲೋ ಬರ್ತದ."

"ಬಂದದ್ದು ಯಾರಿಗಿ ಬೇಕಾಗ್ಯಾದಂತ ಕೇಳು."

ವೈನಿ ಇಬ್ಬರ ನಡುವೆ ನಿಂತು ಒಂದು ಮಾತೂ ದಾಟಿಸದೆ ರೊಟ್ಟಿ ಬಡಿಸುತ್ತಿದ್ದಳು. ಇಬ್ಬರಿಗೂ ನೇರವಾಗಿಯೇ ಕೇಳುತ್ತಿತ್ತಲ್ಲ. ಗುಫ್ರಾನ್ ಹೋಳಿಗೆ ಬಾಯಲ್ಲಿಟ್ಟುಕೊಂಡು ಎತ್ತಲೋ ನೋಡುತ್ತಿದ್ದ. ಕೊನೆಗೆ ಅವನೇ, "ಅಣ್ಣಾರ, ಯಾರಿಗೂ ಬೇಕಾಗಿಲ್ಲರಿ. ಬರ್ತದೋ ಇಲ್ಲೋ ನೋಡಬೇಕಂತ ಅದ, ಅಷ್ಟೇ" ಅಂದ.

ಅಣ್ಣ ತಿರುಗಿ ತಂತಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ಸಂಜೆ ಮತ್ತೆ ಹುಲಿಪಟ್ಟೆ.

ಜನವರಿ 2, ಗುರುವಾರ

ಉಳಿದದ್ದು ಮೂರೇ ಸಂಜೆ. ರಜೆ ಹಾಕಿ ಬಂದಿದ್ದೇನೆ. ಏನೂ ಕಾಣುವುದಿಲ್ಲ ಎಂದು ಗೊತ್ತಿದ್ದೂ ಏಳಕ್ಕೆ ಪರದೆ ತೆರೆದು ಕೂಡುವುದಕ್ಕೆ ಏನೆನ್ನಬೇಕೋ.

ಅಣ್ಣ ಶೆಡ್ಡಿನ ಬಾಗಿಲಿಗೆ ಬಂದ. ಇವತ್ತು ವೈನಿ ಇರಲಿಲ್ಲ, ಗುಫ್ರಾನ್‌ನೇ ಟೆಲಿಫೋನ್ ಆದ.

"ಗುಫ್ರಾನ್, ಆ ಮನಷ್ಯಾಂದು ಎಲ್ಲಿ ಕಾಣಬೇಕು ಇದರಾಗ?"

ಗುಫ್ರಾನ್ ಪರದೆಯ ನಡುವೆ ಬೆರಳಿಟ್ಟು ತೋರಿಸಿದ. ಅಣ್ಣ ಒಳಗೆ ಬಂದು, ಬಗ್ಗಿ, ನನ್ನ ಭುಜದ ಮೇಲಿಂದ ನೋಡಿದ. ತಂಬಾಕಿನ ವಾಸನೆ. ಹೊರಗೆ ಡಬ್ಬಿ ಟಕ್ ಅಂದಾಗ ಒಳಗೆ ಪಟ್ಟೆ ಬೀಳುವುದನ್ನು ಬಾಯಲ್ಲೇ ಎಣಿಸಿದ. ಎರಡೂ ಕೂಡಿಬಂದಾಗ "ಹ್ಞಾಂ" ಅಂದ. ಆಮೇಲೆ ಪ್ರಶ್ನೆಗಳು. ಅಲ್ಲಿ ಈಗ ಎಷ್ಟು ಹೊತ್ತು, ಗೋಧಿಗೆ ನೀರು ಕಟ್ಟುತ್ತಾರೋ ಮಳೆಯದೋ, ಎಷ್ಟು ಎಕರೆ. ನನ್ನ ವಿದ್ಯಾರ್ಥಿಗಳಲ್ಲಿ ಇಷ್ಟು ಕೇಳಿದವರು ಕಡಿಮೆ. ಎಲ್ಲವನ್ನೂ ಗುಫ್ರಾನ್‌ನ ಮುಖ ನೋಡಿಕೊಂಡೇ ಕೇಳಿದ, ನಾನೂ ಗುಫ್ರಾನ್‌ಗೇ ಉತ್ತರ ಹೇಳಿದೆ. ಅವನ ಕತ್ತು ಆ ಕಡೆ ಈ ಕಡೆ ತಿರುಗಿ ತಿರುಗಿ ನೋಯಲು ಹತ್ತಿತ್ತಂತೆ.

"ಅವರ ಹೊಲಕ್ಕ ಹಂದಿ ಬರ್ತಾವೇನು? ಬಂದ್ರ ಏನ್ ಮಾಡ್ತಾರ ಕೇಳು."

ಅದು ನನಗೂ ಗೊತ್ತಿರಲಿಲ್ಲ. ಕೀತ್‌ಗೆ ಅಲ್ಲೇ ಮೇಲ್ ಹಾಕಿದೆ.

ಜನವರಿ 3

ಕೀತ್‌ನ ಉತ್ತರ. ಅವನ ಕುರಿ ಹಿಂಡಿಗೆ ನರಿ ಕಾಟ, ಅಂಥದೇ ಟಕ್ ಟಕ್ ಬೇಲಿ ಹಾಕಿದ್ದಾನೆ. ಅದರ ಗದ್ದಲ ಅವನಿಗೂ ತಾಪತ್ರಯವೇ. ತಾನು ಕಿವಿಗೊಡುವ ಸಂಜೆ ಬೇಲಿ ಬಂದ್ ಮಾಡಿ, ಹೆಂಡತಿಯನ್ನು ಟಾರ್ಚು ಕೊಟ್ಟು ಕುರಿ ಕಾಯಲು ಕೂರಿಸುತ್ತಾನಂತೆ. ಹೆಂಡತಿ ಇದನ್ನು ಪ್ರತಿ ಹಬ್ಬಕ್ಕೂ ಎತ್ತಿ ಆಡುತ್ತಾಳಂತೆ.

ಗುಫ್ರಾನ್ ಇದನ್ನು ಅಣ್ಣನಿಗೆ ಓದಿ ಹೇಳಿದ. ಅಣ್ಣ ಎರಡು ಸಲ ಓದಿಸಿದ. "ಅಂವ ಬಂದ್ ಮಾಡ್ತಾನಂತ?" ಅಂತ ಕೇಳಿ ತೋಟದೊಳಗೆ ಹೋದವನು ಮತ್ತೆ ಹೊರಗೆ ಬರಲಿಲ್ಲ. ಸಂಜೆ ಪಟ್ಟೆ ಹಾಗೇ ಇತ್ತು. ನಾಳೆ ಕೊನೆಯದು. ನನಗೆ ಅಳು ಬಂತು, ಐವತ್ತೇಳರ ಹೆಂಗಸು ಎರಡು ಅಕ್ಷರಕ್ಕೆ ಅತ್ತಳೆಂದು ಯಾರಿಗೂ ಹೇಳುವಂತಿಲ್ಲ.

ಜನವರಿ 4, ಮಧ್ಯಾಹ್ನ

ವೈನಿ ಫೋನ್ ಮಾಡಿದ್ದಳು. "ಇವತ್ತೊಂದು ಸಂಜಿ ಬಂದ್ ಮಾಡ್ತಾರಂತ. ಅವರು ಹೇಳು ಅಂದಿಲ್ಲ, ನಾನೇ ಹೇಳಾಕತ್ತೀನಿ. ಮನ್ಯಾಗಿನ ತಾಟು, ಡಬ್ಬಿ ಎಲ್ಲಾ ತಗದು ಅಂಗಳದಾಗ ಇಟ್ಟಾರ, ಹಂದಿ ಬಂದ್ರ ಬಡ್ಯಾಕ."

ಹೊರಟೆ.

ಜನವರಿ 5, ಭಾನುವಾರ

ಎಲ್ಲ ಬರೆದಿಡಬೇಕು, ಆಮೇಲೆ ನಾನೇ ನಂಬುವುದಿಲ್ಲ.

ಏಳಕ್ಕೆ ಸ್ವಲ್ಪ ಮುಂಚೆ ಅಣ್ಣ ಡಬ್ಬಿಯ ಗುಂಡಿ ತಿರುವಿದ. ಪರದೆಯ ಪಟ್ಟೆ ನಿಂತಿತು. ಒಂದು ತಿಂಗಳಿಂದ ನೋಡದ ಕಪ್ಪು, ಒರೆಸಿದ ಹಲಗೆಯಂತೆ. ಅಣ್ಣ ಒಂದು ತುದಿಗೆ, ವೈನಿ ಇನ್ನೊಂದು ತುದಿಗೆ, ಕೈಯಲ್ಲಿ ತಾಟು ಮತ್ತು ಸೌಟು. ಟಾರ್ಚು ಬೇಡ ಅಂದಿದ್ದೆ, ಅವುಗಳ ಚಾರ್ಜಿಂಗ್ ಸರ್ಕಿಟ್ ಮೇಲೆ ನನಗೆ ನಂಬಿಕೆ ಇಲ್ಲ. ಕತ್ತಲಲ್ಲಿ ನಿಂತರು ಪಾಪ.

ಏಳು ದಾಟಿ ಎರಡು ನಿಮಿಷ ಏನೂ ಇಲ್ಲ. ಆಮೇಲೆ ಗುಫ್ರಾನ್ ನನ್ನ ಕೈ ಮುಟ್ಟಿದ. ಒಂದು ಕೂದಲೆಳೆ. ಎಲ್ಲಿ ಇರಬೇಕಿತ್ತೋ ಅಲ್ಲೇ. ಗಿಡ್ಡದು, ನಿಂತಿತು. ಬಿಡುವು. ಮತ್ತೆ ಶುರುವಾಯಿತು, ಈ ಸಲ ನಿಲ್ಲಲೇ ಇಲ್ಲ, ಉದ್ದಕ್ಕೆ ಬಂತು. ಮತ್ತೆ ಗಿಡ್ಡದು. ಚುಕ್ಕೆ, ಗೆರೆ, ಚುಕ್ಕೆ. ಆರ್. ಗೋಧಿ ಹೊಲದ ಆರ್, ಏಳು ಸಾವಿರ ಕಿಲೋಮೀಟರು ನೀರಿನ ಮೇಲೆ ನಡೆದು ನಮ್ಮ ಪಾಳು ಪಟ್ಟಿಗೆ ಬಂದಿದೆ. ಪಾಠದಲ್ಲಿ ಹೇಳಿದ್ದೆಲ್ಲ ಖರೆ ಇತ್ತು. ಉಸಿರು ಬಿಟ್ಟರೆ ಅಳಿಸೀತು ಅನ್ನುವ ಹಾಗೆ ಕೂತಿದ್ದೆ.

ಎರಡನೆಯ ಅಕ್ಷರ ಶುರುವಾಯಿತು. ಒಂದು ಉದ್ದ ಗೆರೆ ಪೂರ್ತಿ ಬಂತು. ಆಗ ವೈನಿಯ ಕಡೆಯಿಂದ ತಾಟಿನ ಸದ್ದು. ನಾಯಿಗಳು. ಅಣ್ಣನ ಹೋ ಹೋ. ಬಾಗಿಲಿಗೆ ಓಡಿದೆ. ಕತ್ತಲಲ್ಲಿ ಏನೋ ದಪ್ಪನೆಯದು ಎಲೆ ಹರಿದುಕೊಂಡು ನುಗ್ಗುತ್ತಿತ್ತು, ಒಂದಲ್ಲ, ನಾಲ್ಕೈದು. ಒಂದು ಬಾಳೆ ಬಿದ್ದ ಸದ್ದು. ಬಾಳೆ ಬೀಳುವಾಗ ಮರದಂತೆ ಮುರಿಯುವುದಿಲ್ಲ, ಯಾರೋ ದಣಿದವರು ಕೂತಂತೆ ಕೂಡುತ್ತದೆ. ಇನ್ನೊಂದು ಬಿತ್ತು.

ನನಗೆ ವೈನಿಯ ಮಾತು ನೆನಪಾಯಿತು, ಮೂರು ದಿನ ಉಂಡಿಲ್ಲ ಅಂದಿದ್ದು. ಯೋಚನೆ ಮಾಡಿದೆ ಅಂದರೆ ಸುಳ್ಳಾಗುತ್ತದೆ. ಬದುವಿನ ಮೇಲೆ ಓಡಿ ಡಬ್ಬಿಯ ಗುಂಡಿ ತಿರುವಿಬಿಟ್ಟೆ. ಟಕ್. ಟಕ್. ಬೇಲಿಯ ಹತ್ತಿರ ಒಂದು ಹಂದಿ ಕಿರುಚಿ ಹಿಂದಕ್ಕೆ ಓಡಿತು. ಅಣ್ಣ ಕತ್ತಲಿನಿಂದ "ಯಾರು ಹಚ್ಚಿದವರು?" ಅಂತ ಕೂಗಿದ. ನಾನು ಶೆಡ್ಡಿಗೆ ಬಂದು ಕೂತೆ.

ಪರದೆಯ ಮೇಲೆ ಹುಲಿ ಮತ್ತೆ ಬಂದಿತ್ತು. ಆಗಲಿ. ಒಂದು ಅಕ್ಷರ ಬಂತಲ್ಲ, ಲೆಕ್ಕಕ್ಕಿಲ್ಲದಿದ್ದರೂ ನನಗೆ ಬಂತಲ್ಲ. ಗುಫ್ರಾನ್ ಪರದೆ ಮುಚ್ಚಲು ಬಿಡಲಿಲ್ಲ. ಕಣ್ಣು ಉರಿಯುತ್ತಿತ್ತು. ಪಟ್ಟೆ, ಪಟ್ಟೆ, ಪಟ್ಟೆ.

ನಿಂತುಹೋಯಿತು.

ಬ್ಯಾಟರಿ ಹೋಯಿತು ಅಂದುಕೊಂಡೆ. ಗುಫ್ರಾನ್ ಬಾಗಿಲಿಗೆ ಹೋಗಿ ನೋಡಿದ. "ಅಣ್ಣಾರು ಬಂದ್ ಮಾಡ್ಯಾರ ಮೇಡಂರ. ಡಬ್ಬಿ ಮ್ಯಾಲ ಕೈ ಇಟ್ಕೊಂಡು ನಿಂತಾರ, ಯಾರೂ ಮುಟ್ಟಬಾರದಂತ."

ಹಂದಿಗಳು ದೂರ ಹೋಗಿರಲಿಲ್ಲ. ತಾಟಿನ ಸದ್ದು ಒಂದೇ ಸಮ ನಡೆದಿತ್ತು, ಈಗ ವೈನಿಯ ಕಡೆಯಿಂದ ಮಾತ್ರ. ನಾನು ಎದ್ದೆ, ಗುಫ್ರಾನ್ ಭುಜ ಹಿಡಿದು ಕೂರಿಸಿ, "ನೀವು ಅದನ್ನ ನೋಡ್ರಿ" ಅಂದು ತಾನೇ ಬಡಿಯಲು ಒಂದು ಖಾಲಿ ಡಬ್ಬಿ ತಗೊಂಡು ಓಡಿದ. ಕಪ್ಪು ಪರದೆಯ ಮೇಲೆ ಆಗಲೇ ಒಂದು ಎಳೆ ನಡೆದಿತ್ತು. ಪಟ್ಟೆ ಅಡ್ಡ ಬಂದದ್ದು ಸ್ವಲ್ಪ ಹೊತ್ತು. ಅಳೆದು ನೋಡಿದರೆ ಆ ಮುಚ್ಚಿಹೋದ ಜಾಗದಲ್ಲಿ ಎರಡನೆಯ ಉದ್ದ ಗೆರೆಯ ತಲೆ ಬಿಟ್ಟು ಬೇರೇನೂ ಹಿಡಿಸುವುದಿಲ್ಲ. ಗೆರೆ ನಿಂತಿತು. ಹೊರಗೆ ಇನ್ನೊಂದು ಬಾಳೆ ಕೂತಿತು. ಒಂದು ಚುಕ್ಕೆ ಬಂತು. ಆಮೇಲೆ ಏನೂ ಇಲ್ಲ, ಎಷ್ಟು ಕಾದರೂ ಇಲ್ಲ. ಗೆರೆ, ಗೆರೆ, ಚುಕ್ಕೆ. ಜಿ.

ಆರ್, ಜಿ ಎಂದು ಬರೆದು ಕೀತ್‌ಗೆ ಕಳಿಸಿದೆ. ಬೆಳಿಗ್ಗೆ ಏಳುವಷ್ಟರಲ್ಲಿ ಉತ್ತರ ಬಂದಿತ್ತು. ಎರಡೂ ಸರಿ. ಕ್ರೇನು ಅಂಗಳದಲ್ಲಿ ನಿಂತಿದೆಯಂತೆ, ಚಹಾ ಕುಡಿಸಿ ಅದರ ಚಾಲಕನಿಗೆ ಈ ಸುದ್ದಿಯನ್ನು ಎರಡು ಸಲ ಹೇಳಿದನಂತೆ, ಅವನಿಗೆ ಏನೂ ತಿಳಿಯಲಿಲ್ಲವಂತೆ. ಗುಫ್ರಾನ್ ಸ್ಟೇಶನ್ ಬಜಾರದಿಂದ ಪೇಡೆ ತಂದು ನಾಳೆ ಸ್ಟಾಫ್ ರೂಮಿನಲ್ಲಿ ಹಂಚುತ್ತಾನಂತೆ. ಅವರಿಗೂ ಏನೂ ತಿಳಿಯುವುದಿಲ್ಲ, ಪೇಡೆ ತಿನ್ನುತ್ತಾರೆ. ಪರದೆಯ ಚಿತ್ರ ಮೂರು ಕಡೆ ಉಳಿಸಿದ್ದೇನೆ. ತಂತಿ ಇಳಿಸಲು ಮುಂದಿನ ವಾರ ಹೋಗಬೇಕು. ಅಥವಾ ಇರಲಿ, ಅವಸರವೇನಿದೆ, ಮಾರಿಷಸ್ ಕಡೆಯಿಂದಲೂ ಯಾರೋ ಕಳಿಸುತ್ತಾರೆಂದು ಕೀತ್ ಬರೆದಿದ್ದಾನೆ.

ಒಂದು ಬರೆಯುವುದು ಬಿಟ್ಟುಹೋಗಿತ್ತು. ಎಲ್ಲ ಮುಗಿದ ಮೇಲೆ ಹೊರಗೆ ಬಂದಾಗ ಅಣ್ಣ ಇನ್ನೂ ಡಬ್ಬಿಯ ಹತ್ತಿರವೇ ನಿಂತಿದ್ದ. ಹಂದಿಗಳು ಸಾಲಿನ ಆ ತುದಿಯಲ್ಲಿ ಗುಟುರು ಹಾಕುತ್ತಲೇ ಇದ್ದವು, ವೈನಿಯೂ ಗುಫ್ರಾನ್‌ನೂ ಅವನ್ನು ಅಟ್ಟುತ್ತಲೇ ಇದ್ದರು. "ಎಷ್ಟು ಗಿಡ ಹೋದ್ವು?" ಅಂದೆ.

"ಗಿಡಾ ಮತ್ತ ಚಿಗಿತಾವ. ವಿದ್ಯಾ, ಅಕ್ಷರ ಪೂರಾ ಬಂತಿಲ್ಲೋ ನಿಂದು?"

ಬಂತು ಅಂದೆ. ಆಗ ಬೇಲಿ ಹಚ್ಚಿದ.